ಕೈಗೆ ತಕ್ಕ ಬಿಲ್ಲು

ನಮ್ಮೂರಿನ ಬಿಲ್ಲುಗಳಿಗೆ ಸ್ವಲ್ಪ ಮಾನ ಮರ್ಯಾದೆ ಅನ್ನುವುದು ಇದ್ದಿದ್ದರೆ ನನಗೆ ಇಷ್ಟು ತಲೆನೋವು ಇರುತ್ತಿರಲಿಲ್ಲ. ಬೇರೆ ಊರುಗಳಲ್ಲಿ ಬಿಲ್ಲು ಅಂದರೆ ಬಿಲ್ಲಂತೆ. ಎಳೆಯಲು ಆದರೆ ಎಳಿ, ಆಗದಿದ್ದರೆ ಗೋಡೆಗೆ ನೇತುಹಾಕಿ ಸುಮ್ಮನಿರು. ನಮ್ಮಲ್ಲಿ ಹಾಗಲ್ಲ. ಇಲ್ಲಿನ ಬಿಲ್ಲು ರಾತ್ರಿ ಯಾರ ತಲೆಯ ಮೇಲೆ ತೂಗುತ್ತದೋ, ಬೆಳಗಾಗುವುದರೊಳಗೆ ಅವರ ಕೈಬಲಕ್ಕೆ ಹೊಂದಿಕೊಂಡು ಕೂತಿರುತ್ತದೆ. ಪೈಲ್ವಾನನ ಬಿಲ್ಲು ಪೈಲ್ವಾನನಿಗೇ ಸರಿ, ಬಾಣಂತಿಯ ಬಿಲ್ಲು ಬಾಣಂತಿಗೇ ಸರಿ. ಕೇಳುವವರಿಗೆ ಎಷ್ಟು ಚೆಂದ ಅನ್ನಿಸುತ್ತೆ, ಅಲ್ವಾ? ಬಾಣ ಮಾಡಿ ಮಾರುವವಳ ಕಷ್ಟ ಏನು ಅಂತ ಬಂದು ನನ್ನನ್ನು ಕೇಳಿ.

ಬಿಲ್ಲು ಹೀಗೆ ದಿನಾ ಹೊಂದಿಕೊಂಡರೆ ಎಳೆಯುವವನಿಗೆ ಯಾವತ್ತೂ ಭಾರ ಅನ್ನಿಸುವುದೇ ಇಲ್ಲ. ಇಪ್ಪತ್ತರಲ್ಲಿ ಎಷ್ಟು ಹಿತವಾಗಿ ಬರುತ್ತಿತ್ತೋ ಎಪ್ಪತ್ತರಲ್ಲೂ ಅಷ್ಟೇ ಹಿತವಾಗಿ ಬರುತ್ತೆ. ಜ್ವರ ಬಿದ್ದು ಎದ್ದವನಿಗೂ ಹಾಗೇ. ಕೈ ಸೋತದ್ದು ಕೈಗೇ ಗೊತ್ತಾಗುವುದಿಲ್ಲ. ಬಾಣ ಎಲ್ಲಿ ಬಿತ್ತು ಅಂತ ನೋಡಿದರೆ ಮಾತ್ರ ಗೊತ್ತು. ನಿನ್ನೆ ಎದುರುಮನೆ ಜಗಲಿಗೆ ಮುಟ್ಟುತ್ತಿದ್ದ ಬಾಣ ಇವತ್ತು ಬೀದಿಯಲ್ಲೇ ಬಿತ್ತು ಅಂದರೆ ಮನುಷ್ಯ ಏನು ಮಾಡಬೇಕು? ತನ್ನ ಕೈ ನೋಡಿಕೊಳ್ಳಬೇಕು. ಏನು ಮಾಡುತ್ತಾನೆ? ಸೀದಾ ನನ್ನ ಅಂಗಡಿಗೆ ಬರುತ್ತಾನೆ.

ಊರು ಇರುವುದು ಕಮರಿಯ ಅಂಚಿನಲ್ಲಿ, ಮೆಟ್ಟಿಲು ಮೆಟ್ಟಿಲಾಗಿ. ಎದುರುಮನೆಗೆ ಹೋಗಬೇಕಾದರೂ ಇಳಿದು, ಸುತ್ತಿ, ಹತ್ತಬೇಕು. ಅದಕ್ಕೇ ನಾವು ಒಂದೆಸಳು ಕರಿಬೇವು ಬೇಕಾದರೂ ಬಾಣಕ್ಕೆ ಕಟ್ಟಿ ಕಳಿಸುವ ಜನ. ನಮ್ಮ ಬಾಣಕ್ಕೆ ಮೊನೆ ಇರುವುದಿಲ್ಲ, ತುದಿ ಮೊಂಡು, ಅದಕ್ಕೊಂದು ಬಟ್ಟೆಯ ಉಂಡೆ. ಆದರೂ ತಲೆಗೆ ಬಿದ್ದರೆ ಬುಗುಟು ಏಳುತ್ತೆ. ಬೇಕರಿ ಜಯದೇವ ಬೆಳಿಗ್ಗೆ ಬನ್ನು ಕಳಿಸುವುದೂ ಹೀಗೇ. ಈಗೀಗ ಅವನ ಬನ್ನೆಲ್ಲ ಅರ್ಧ ದಾರಿಯಲ್ಲಿ ನಾಯಿಗಳ ಪಾಲು.

ಅವನು ಹೋದ ತಿಂಗಳು ಬಂದು ನನ್ನ ಅಂಗಡಿಯ ಕಂಬಕ್ಕೆ ಒರಗಿ ನಿಂತ. ‘ಹೊನ್ನಮ್ಮಾ, ಈ ಸಲದ ಬಾಣ ಸ್ವಲ್ಪ...’ ಅಂದ.

‘ಸ್ವಲ್ಪ? ಸ್ವಲ್ಪ ಏನು?’ ಅಂದೆ.

‘ಏನಿಲ್ಲ ಬಿಡಿ. ಗಾಳಿ ಇರಬೇಕು.’

ಗಾಳಿಯಂತೆ ಗಾಳಿ! ಎರಡು ವರ್ಷದಿಂದ ಊರಿಗೆ ಊರೇ ಇದೇ ಹಾಡು. ಬಂದು ನಿಲ್ಲುತ್ತಾರೆ, ಬಾಣವನ್ನು ಹಿಂದೆ ಮುಂದೆ ತಿರುಗಿಸುತ್ತಾರೆ, ನನ್ನ ಮುಖ ನೋಡುತ್ತಾರೆ, ಆಮೇಲೆ ಗಾಳಿ ಅನ್ನುತ್ತಾರೆ. ಎಲೆ ಅಲ್ಲಾಡದ ದಿನವೂ ಗಾಳಿಯೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನಿಮ್ಮ ರಟ್ಟೆ ಬಿದ್ದುಹೋಗಿದೆ ಕಣ್ರಪ್ಪಾ, ವಯಸ್ಸಾಯಿತು, ಅಂತ ಮುಖಕ್ಕೆ ಹೊಡೆದ ಹಾಗೆ ಹೇಳೋಣ ಅಂದರೆ ಹೇಳುವ ಹಾಗಿಲ್ಲ. ನಮ್ಮೂರಲ್ಲಿ ಇನ್ನೊಬ್ಬರ ಬಲದ ಮಾತು ಎತ್ತಬಾರದು. ಇನ್ನೊಬ್ಬರ ಬಿಲ್ಲನ್ನು ಹಗಲು ಹೊತ್ತು ಮುಟ್ಟಿಯೂ ನೋಡಬಾರದು. ಯಾರದಾದರೂ ಬಾಣ ಗುರಿ ಮುಟ್ಟದೆ ಬಿದ್ದರೆ, ನೋಡಿದವರು ಆ ಕಡೆ ತಿರುಗಿ ಕೆಮ್ಮಬೇಕು. ಅದು ಸಭ್ಯತೆ. ಸಭ್ಯತೆ ಇಟ್ಟುಕೊಂಡೇ ಈ ಊರು ನನ್ನ ಪ್ರಾಣ ಹಿಂಡುತ್ತಿತ್ತು.

ನನ್ನ ಬಾಣದಲ್ಲಿ ದೋಷ ಹುಡುಕುವವನು ಇನ್ನೂ ಹುಟ್ಟಬೇಕು ಅಂತ ನಾನು ಎದೆ ತಟ್ಟಿ ಹೇಳುತ್ತಿದ್ದೆ. ಅಪ್ಪನಿಂದ ಕಲಿತ ಕೆಲಸ. ಬಿದಿರ ಕಡ್ಡಿಯನ್ನು ಕೆಂಡದ ಮೇಲೆ ಕಾಯಿಸಿ, ಹೆರೆದು, ನೆಟ್ಟಗೆ ಮಾಡಿ, ಗರಿ ಕಟ್ಟಿ, ಕೊನೆಗೆ ನನ್ನದೇ ಬಿಲ್ಲಿಗಿಟ್ಟು ಹಿತ್ತಲಿನ ಹುಲ್ಲು ತುಂಬಿದ ಗೋಣಿಚೀಲಕ್ಕೆ ಹೊಡೆದು ನೋಡುತ್ತೇನೆ. ಬಿರುಸು ಬಿಲ್ಲಿಗೆ ಬಿರುಸು ಬಾಣ, ಮೆತ್ತನೆಯ ಬಿಲ್ಲಿಗೆ ಮೆತ್ತನೆಯ ಬಾಣ. ಬಿರುಸು ಬಿಲ್ಲಿಗೆ ಮೆತ್ತನೆಯದನ್ನು ಇಟ್ಟರೆ ಅದು ನೀರಿಂದ ತೆಗೆದ ಮೀನಿನ ಹಾಗೆ ಒದ್ದಾಡಿ ಅರ್ಧದಲ್ಲೇ ಉದುರುತ್ತೆ. ಯಾರೂ ತಮ್ಮ ಬಲ ಎಷ್ಟು ಅಂತ ಬಾಯಿಬಿಟ್ಟು ಹೇಳುವುದಿಲ್ಲವಲ್ಲ, ಅದಕ್ಕೆ ಅಪ್ಪ ಹೇಳಿಕೊಟ್ಟ ಉಪಾಯ: ನಿನ್ನ ಬಿಲ್ಲಿನಲ್ಲಿ ಹೊಡೆದಾಗ ಬಾಣ ಎಷ್ಟು ನಡುಗುತ್ತೆ ನೋಡು, ಕಡಿಮೆ ನಡುಗಿದರೆ ಬಿರುಸು, ಜಾಸ್ತಿ ನಡುಗಿದರೆ ಮೆತ್ತನೆಯದು, ಅದರ ಮೇಲೆ ಯಾರಿಗೆ ಯಾವುದು ಅಂತ ಆರಿಸು. ನನ್ನ ಗೋಣಿಚೀಲದ ಮುಂದೆ ಒಂದು ಬಾಣವೂ ಸುಳ್ಳು ಹೇಳಿದ್ದಿಲ್ಲ. ಸಾಲದ್ದಕ್ಕೆ ಊರಿನ ಮಕ್ಕಳ ಬಾಣ ಎಲ್ಲ ಸುಯ್ಯಂತ ಹೋಗುತ್ತಿದ್ದವು. ಅವಕ್ಕೆ ಗಾಳಿ ಬಡಿಯಲ್ವಾ? ಬೀಳುತ್ತಿದ್ದದ್ದು ಗಂಡಸರ ಬಾಣ, ಗಟ್ಟಿಗಿತ್ತಿಯರ ಬಾಣ. ಊರಿಗೇ ಒಟ್ಟಿಗೆ ಮುಪ್ಪು ಬಂತು ಅಂದುಕೊಂಡೆ.

ಹೀಗಿರುವಾಗ ಒಂದು ದಿನ ನನ್ನ ತಮ್ಮ ಕರಿಬಸವ ಬಂದ.

ಅವನ ಕೆಲಸ ಹಗ್ಗದ ಬಾಣ. ಆ ದಡದಲ್ಲಿ ಆಸ್ಪತ್ರೆ, ಹೈಸ್ಕೂಲು, ಸಂತೆ ಎಲ್ಲ ಇವೆ. ಈ ದಡದಲ್ಲಿ ನಾವಿದ್ದೇವೆ. ನಡುವೆ ಕಮರಿ, ಸೇತುವೆ ಇಲ್ಲ. ಬೆಳಿಗ್ಗೆ ಕರಿಬಸವ ಬಾಣಕ್ಕೆ ದಾರ ಕಟ್ಟಿ ಆ ದಡಕ್ಕೆ ಹೊಡೆಯುತ್ತಾನೆ. ಅವರು ದಾರ ಎಳೆದರೆ ಅದರ ಹಿಂದೆ ಹಗ್ಗ ಹೋಗುತ್ತೆ, ಹಗ್ಗದಲ್ಲಿ ಬುಟ್ಟಿ ಹೋಗುತ್ತೆ, ಬುಟ್ಟಿಯಲ್ಲಿ ನಾವು ಹೋಗುತ್ತೇವೆ. ಸಂಜೆ ಹಗ್ಗ ಬಿಚ್ಚಲೇಬೇಕು. ಕತ್ತಲಾದ ಮೇಲೆ ಎರಡು ದಡದ ನಡುವೆ ಹಗ್ಗ ಇರಬಾರದು ಅಂತ ಆ ದಡದವರ ಹಟ. ಯಾಕೆ ಅಂತ ಕೇಳಿದರೆ ಅವರ ತಾತನೂ ಹಾಗೇ ಹೇಳುತ್ತಿದ್ದನಂತೆ. ಇಂಥ ಬುದ್ಧಿವಂತರ ಜೊತೆ ಬದುಕಬೇಕು. ಒಟ್ಟಿನಲ್ಲಿ ದಿನಾ ಬೆಳಿಗ್ಗೆ ಬಾಣ ಕಮರಿ ದಾಟಲೇಬೇಕು. ಅಷ್ಟು ದೂರ ಹೊಡೆಯುವ ರಟ್ಟೆ ಊರಲ್ಲಿ ಒಬ್ಬಿಬ್ಬರಿಗೆ ಮಾತ್ರ. ಅಪ್ಪನ ಕಾಲದಿಂದ ಅದು ನಮ್ಮ ಮನೆಯದು. ಬಾಣ ನನ್ನದು, ಬಿಲ್ಲು ಅವನದು.

‘ಅಕ್ಕಾ,’ ಅಂದ, ‘ಇವತ್ತು ಬಾಣ ಕಮರಿಗೆ ಬಿತ್ತು. ಎರಡನೇದು ಹೇಗೋ ದಾಟಿತು.’

ನಾನು ಕಡ್ಡಿ ಹೆರೆಯುತ್ತಾ ಇದ್ದೆ. ‘ಗಾಳಿನಾ?’ ಅಂದೆ ವ್ಯಂಗ್ಯವಾಗಿ.

‘ಗಾಳಿ ಅಲ್ಲ. ಬಾಣ ಸ್ವಲ್ಪ ನೋಡು.’

ಮೈಯೆಲ್ಲಾ ಉರಿದುಹೋಯಿತು. ಊರಲ್ಲಿ ಯಾರೂ ಬಾಯಿಬಿಟ್ಟು ಹೇಳದ ಮಾತನ್ನು ಹೇಳಲು ನನ್ನ ಒಡಹುಟ್ಟಿದವನೇ ಆಗಬೇಕಿತ್ತೇ? ‘ಏನೋ ನೋಡೋದು? ಏನು ನೋಡಬೇಕು ಹೇಳು. ಮೂವತ್ತು ವರ್ಷದಿಂದ ನಿನಗೆ ಬಾಣ ಮಾಡಿಕೊಡ್ತಾ ಇದೀನಿ, ಇವತ್ತು ಬಂದು ಬಾಣ ನೋಡು ಅಂತೀಯಲ್ಲ!’

‘ಬೈಬೇಡ ಅಕ್ಕಾ. ಇನ್ನೊಂದು ಸ್ವಲ್ಪ ಬಿರುಸಾಗಿ ಮಾಡು ಅಂದೆ, ಅಷ್ಟೇ.’

‘ನನಗೆ ಕೆಲಸ ಹೇಳಿಕೊಡ್ತೀಯಾ? ನಿನ್ನ ಮೂಗು ಒರೆಸಿ ಬೆಳೆಸಿದವಳು ನಾನು!’

ಐವತ್ತು ದಾಟಿದ ಗಂಡಸು, ಬೈಸಿಕೊಂಡ ಹುಡುಗನ ಹಾಗೆ ತಲೆ ಬಗ್ಗಿಸಿಕೊಂಡು ಹೋದ. ನನಗೆ ಕನಿಕರ ಬರಲಿಲ್ಲ. ಇನ್ನೂ ಸಿಟ್ಟು ಬಂತು.

ಆದರೂ ಒಡಹುಟ್ಟಿದ ಜೀವ. ಯೋಚನೆ ಮಾಡಿದೆ. ಅವನ ಬಿಲ್ಲು ಇಷ್ಟು ಬೇಗ ಮೆತ್ತಗಾಗಲು ಕಾರಣವೇನು? ಹೊಳೆಯಿತು. ಇವನು ಬಿಲ್ಲಿನ ಕೆಳಗೆ ಮಲಗುತ್ತಿಲ್ಲ! ನಮ್ಮೂರಲ್ಲಿ ಇದು ಹೊಸದಲ್ಲ. ಹೆಂಡತಿ ಜೊತೆ ಜಗಳ ಆಡಿ ಜಗಲಿಯಲ್ಲಿ ಮಲಗಿದವನು ಬೆಳಿಗ್ಗೆ ಎದ್ದು ನೋಡಿದರೆ ಬಿಲ್ಲು ಹೆಂಡತಿಗೆ ಹೊಂದಿಕೊಂಡಿರುತ್ತೆ. ಕೆಳಗಿನ ಬೀದಿಯ ಒಬ್ಬರ ಮನೆಯಲ್ಲಿ ಮಗಳು ಬಾಣಂತನಕ್ಕೆ ಬಂದು ಅಪ್ಪನ ಮಂಚದಲ್ಲಿ ಮಲಗಿದಳು. ಮಾರನೆಯ ದಿನ ಅಪ್ಪ ಎಂದಿನಂತೆ ಎಳೆದ, ಬಿಲ್ಲು ಎರಡು ತುಂಡು. ಅದಕ್ಕೇ ನಮ್ಮಲ್ಲಿ ನೆಂಟರು ಬಂದರೆ ಊಟಕ್ಕೆ ಮೊದಲು ಎಲ್ಲಿ ಮಲಗುತ್ತೀರಿ ಅಂತ ಕೇಳುವುದು. ಹೊಸಬರಿಗೆ ಅವಮಾನ ಅನ್ನಿಸುತ್ತೆ, ಏನು ಮಾಡೋಣ?

ಕರಿಬಸವನ ಮನೆಗೆ ಹೋದೆ. ಅವನಿರಲಿಲ್ಲ. ಅವನ ಹೆಂಡತಿ ಇಂದ್ರಾಣಿ ಅಕ್ಕಿ ಆರಿಸುತ್ತಿದ್ದಳು.

‘ಬನ್ನಿ ಅತ್ತಿಗೆ, ಕೂತ್ಕೊಳ್ಳಿ.’

‘ಕೂರೋಕೆ ಬಂದಿಲ್ಲ. ನಿನ್ನ ಗಂಡ ಎಲ್ಲಿ ಮಲಗ್ತಾನೆ?’

ಅವಳ ಕೈ ಮೊರದಲ್ಲೇ ನಿಂತಿತು. ‘ಏನಂದ್ರಿ?’

‘ಬಿಲ್ಲಿನ ಕೆಳಗೆ ಮಲಗ್ತಾನೋ ಇಲ್ಲವೋ? ಜಗಳ ಗಿಗಳ ಏನಾದ್ರೂ ಆಡಿಕೊಂಡಿದ್ದೀರಾ?’

‘ಅತ್ತಿಗೆ,’ ಅಂದಳು ಇಂದ್ರಾಣಿ, ಅವಳ ದನಿ ಕುಕ್ಕರಿನ ಹಾಗೆ ಏರುತ್ತಾ, ‘ಅವರು ಬಿಲ್ಲಿನ ಕೆಳಗೇ ಮಲಗ್ತಾರೆ. ದಿನಾ ಮಲಗ್ತಾರೆ. ನಾನು ಗೋಡೆ ಪಕ್ಕ ಮಲಗಿ ಇಪ್ಪತ್ತಾರು ವರ್ಷ ಆಯ್ತು, ಬಿಲ್ಲಿನ ನೆರಳು ಕೂಡ ಮೈಮೇಲೆ ಬೀಳಬಾರದು ಅಂತ. ನಮ್ಮ ಮನೆ ಹಾಸಿಗೆ ವಿಚಾರ ಬಿಟ್ಟು ನಿಮ್ಮ ಮನೆ ಬಾಣದ ವಿಚಾರ ನೋಡ್ಕೊಳ್ಳಿ.’

‘ಏನಂದೆ?’

‘ಏನಿಲ್ಲ. ನಾನೇನಾದ್ರೂ ಅಂದ್ರೆ ಅವರು ನನ್ನ ಮೇಲೆ ಸಿಟ್ಟಾಗ್ತಾರೆ. ಕಾಫಿ ಕುಡೀತೀರಾ?’

ಕಾಫಿ ಕುಡಿದೆ. ಕುಡಿಯದೆ ಬಂದರೆ ಜಗಳ ಅಂತ ಆಗುತ್ತೆ. ಸಕ್ಕರೆ ಹಾಕಿರಲಿಲ್ಲ, ಬೇಕಂತಲೇ ಇರಬೇಕು.

ಆ ವಾರದಲ್ಲೇ ಬಾಣ ಮತ್ತೆ ಮತ್ತೆ ಕಮರಿಗೆ ಬಿತ್ತು. ಒಂದು ದಿನ ಹಗ್ಗ ಹೋಗಲೇ ಇಲ್ಲ. ಹೈಸ್ಕೂಲಿನ ಮಕ್ಕಳಿಗೆ ಪರೀಕ್ಷೆ ತಪ್ಪಿತು. ಡಯಾಲಿಸಿಸ್‌ಗೆ ಹೋಗಬೇಕಾಗಿದ್ದ ಒಬ್ಬ ಅಜ್ಜ ಬುಟ್ಟಿಯ ಪಕ್ಕ ಮಧ್ಯಾಹ್ನದ ತನಕ ಕೂತಿದ್ದು ಮನೆಗೆ ವಾಪಸಾದ. ಇದು ಗಾಳಿ ಅನ್ನುವುದಕ್ಕೆ ಇನ್ನು ಯಾರಿಗೂ ಮುಖವಿರಲಿಲ್ಲ. ಪಟೇಲ ಶಿವನಂಜಪ್ಪ ನಮ್ಮಿಬ್ಬರನ್ನೂ ಕರೆಸಿದ. ಪಟೇಲನಿಗೆ ಒಬ್ಬ ಅಳಿಯ ಇದ್ದಾನೆ, ರಾಜಶೇಖರ ಅಂತ. ಕನ್ನಡಿ ಮುಂದೆ ತೋಳು ಉಬ್ಬಿಸಿಕೊಂಡು ನಿಲ್ಲುವುದೇ ಅವನ ಉದ್ಯೋಗ. ಬಾಣವನ್ನೂ ಆ ದಡದ ಸಂತೆಯಿಂದ ತರಿಸುತ್ತಾನೆ.

ಪಟೇಲ ನಮ್ಮಿಬ್ಬರ ಮುಖವನ್ನೂ ನೋಡದೆ, ಮಾಡಿನ ಹೆಂಚು ನೋಡುತ್ತಾ ಹೇಳಿದ. ‘ನೋಡಪ್ಪಾ ಕರಿಬಸವ, ನೋಡಮ್ಮಾ ಹೊನ್ನಮ್ಮ. ನಾನು ಯಾರ ಬಲದ ಮಾತೂ ಎತ್ತಲ್ಲ, ಯಾರ ಕಸುಬಿನ ಮಾತೂ ಎತ್ತಲ್ಲ. ಶುಕ್ರವಾರ ಬೆಳಿಗ್ಗೆ ಎಲ್ಲರೂ ಸೇರ್ತಾರೆ. ಬಾಣ ದಾಟಿದರೆ ಹಗ್ಗ ನಿಮ್ಮ ಮನೇಲೇ ಇರುತ್ತೆ. ದಾಟದಿದ್ದರೆ ನಮ್ಮ ರಾಜಶೇಖರ ನೋಡ್ಕೋತಾನೆ.’

ಹೊರಗೆ ಬಂದು ನಾನು ತಮ್ಮನ ತೋಳು ಹಿಡಿದು ಒಂದು ಬದಿಗೆ ಎಳೆದೆ. ‘ಇಲ್ಲಿ ಕೇಳು. ಇಬ್ಬರಲ್ಲಿ ಒಬ್ಬರಿಗೆ ಮುಪ್ಪು ಬಂದಿದೆ. ಅದು ನಾನಂತೂ ಅಲ್ಲ. ನನ್ನ ಬಾಣ ಗೋಣಿಚೀಲಕ್ಕೆ ಹೇಗೆ ಬಡಿಯುತ್ತೆ ಅಂತ ಬಂದು ನೋಡು ಬೇಕಾದರೆ. ಶುಕ್ರವಾರದವರೆಗೆ ಕಾಯಬೇಡ. ಭುಜ ನೋವು ಅಂತ ಹೇಳು, ಮರ್ಯಾದೆಯಿಂದ ಬಿಟ್ಟುಕೊಡು. ಆ ತೋಳು ಉಬ್ಬಿಸೋನ ಮುಂದೆ ನಿನ್ನ ಬಾಣ ಬೀಳೋದನ್ನು ನನ್ನ ಕಣ್ಣಲ್ಲಿ ನೋಡೋಕಾಗಲ್ಲ ಕಣೋ.’

ನಾನು ಸಿಟ್ಟಿನವಳು ನಿಜ, ಆದರೆ ಅವನೊಬ್ಬನೇ ನನಗೆ. ನಮ್ಮ ಯಜಮಾನರು ಹೋದ ಮೇಲೆ ದಿನಾ ಹಗ್ಗ ಕಟ್ಟಿ ಬರುವಾಗ ಬಾಗಿಲಲ್ಲಿ ಇಣುಕಿ ‘ಅಕ್ಕಾ, ತಿಂಡಿ ಆಯ್ತಾ?’ ಅಂತ ಕೇಳುವವನು ಅವನೇ. ಕೇಳಿದರೆ ಬೈಯುತ್ತೇನೆ. ಕೇಳದಿದ್ದರೆ ತಿಂಡಿ ಸೇರುವುದಿಲ್ಲ.

ಕರಿಬಸವ ನನ್ನನ್ನೇ ನೋಡಿದ. ‘ಬಾಣ ಸರಿಯಿದೆ ಅಂತ ನಿನಗೆ ಖಾತ್ರಿನಾ ಅಕ್ಕಾ?’

‘ಅಪ್ಪನ ಆಣೆಗೂ ಸರಿಯಿದೆ.’

‘ಸರಿ ಹಾಗಾದ್ರೆ,’ ಅಂದ. ‘ಶುಕ್ರವಾರಕ್ಕೆ ಒಂದು ಒಳ್ಳೇದು ಮಾಡಿಕೊಡು. ಅದನ್ನೇ ಹೊಡೀತೀನಿ.’

ಮಾಡಿದೆ. ಅಂಥ ಬಾಣ ನಾನು ಹಿಂದೆ ಮಾಡಿರಲಿಲ್ಲ. ಗಂಟಿಲ್ಲದ ಬಿದಿರು ಆರಿಸಿ, ಹೆರೆದು ಹೆರೆದು, ನನ್ನ ಬಿಲ್ಲಿಗಿಟ್ಟು ಹೊಡೆದು, ಮತ್ತೆ ಹೆರೆದು, ಕೊನೆಗೆ ಅದು ನನ್ನ ಬಿಲ್ಲಿನಿಂದ ಹಗ್ಗದ ಬಾಣ ನಡುಗಬೇಕಾದಷ್ಟೇ ನಡುಗಿ ಗೋಣಿಚೀಲದ ನಟ್ಟನಡುವೆ ಹೋಗಿ ಬಡಿಯಿತು. ಗರಿ ಕಟ್ಟುವಾಗ ಬೆರಳು ಸ್ವಲ್ಪ ಜೋಮು ಹಿಡಿದ ಹಾಗಾಯಿತು. ಚಳಿ ಅಂದುಕೊಂಡೆ.

ಶುಕ್ರವಾರ ಕಮರಿಯ ಅಂಚಿನಲ್ಲಿ ಊರೆಲ್ಲ ನೆರೆದಿತ್ತು. ಮಕ್ಕಳು ಸ್ಕೂಲ್ ಬ್ಯಾಗು ಹಾಕಿಕೊಂಡು ಬುಟ್ಟಿಯ ಹತ್ತಿರ ಸಾಲಾಗಿ ನಿಂತಿದ್ದರು. ಜಯದೇವ ಬನ್ನಿನ ಡಬ್ಬಿ ಹಿಡಿದುಕೊಂಡು ಬಂದಿದ್ದ. ಇಂಥ ಹೊತ್ತಲ್ಲೂ ವ್ಯಾಪಾರ. ರಾಜಶೇಖರ ತೋಳಿಲ್ಲದ ಬನಿಯನ್ನಿನಲ್ಲಿ ಒಂದು ಬಂಡೆಯ ಮೇಲೆ ಕಾಲಿಟ್ಟುಕೊಂಡಿದ್ದ. ಇಂದ್ರಾಣಿ ಒಂದು ಮೂಲೆಯಲ್ಲಿ ಸೆರಗಿನಡಿ ಏನನ್ನೋ ಅವಚಿಕೊಂಡು ನಿಂತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು.

ಕರಿಬಸವ ನನ್ನ ಬಾಣವನ್ನು ಕಣ್ಣಿಗೊತ್ತಿಕೊಂಡು ಬಿಲ್ಲಿಗಿಟ್ಟ. ಎಳೆದ. ಬಿಟ್ಟ.

ಬಾಣ ಹೊರಟದ್ದೇ ಒದ್ದಾಡಿತು. ಬಾಲ ಆ ಕಡೆ, ತಲೆ ಈ ಕಡೆ. ದಾರ ಗಾಳಿಯಲ್ಲಿ ಸುರುಳಿ ಸುರುಳಿಯಾಯಿತು. ಕಮರಿಯ ಅರ್ಧ ದಾಟುವುದರೊಳಗೆ ಮೂತಿ ಕೆಳಗೆ ಮಾಡಿ ಬಿತ್ತು. ಜನವೆಲ್ಲ ಆ ಕಡೆ ತಿರುಗಿ ಕೆಮ್ಮಿದರು.

ನನಗೆ ತಡೆಯಲಾಗಲಿಲ್ಲ. ಇಷ್ಟು ಹೇಳಿದರೂ ಕೇಳದೆ ಎಲ್ಲರ ಮುಂದೆ ಮಾನ ಕಳೆದುಕೊಂಡನಲ್ಲ ಅನ್ನುವ ಸಂಕಟ, ಇನ್ನು ಇವನು ನನ್ನ ಬಾಣವನ್ನೇ ದೂರುತ್ತಾನಲ್ಲ ಅನ್ನುವ ಸಿಟ್ಟು, ಎರಡೂ ಸೇರಿ ತಲೆಗೇರಿದವು. ಇವತ್ತು ಸತ್ಯ ಎಲ್ಲರಿಗೂ ತಿಳಿದುಹೋಗಲಿ ಅನ್ನಿಸಿತು. ಸೀದಾ ಹೋಗಿ ಅವನ ಕೈಯಿಂದ ಬಿಲ್ಲು ಕಿತ್ತುಕೊಂಡೆ. ಜನ ಹಾ ಅಂದರು. ಹಗಲು ಹೊತ್ತು ಇನ್ನೊಬ್ಬರ ಬಿಲ್ಲು! ಸೀರೆ ಎಳೆದರೂ ಅಷ್ಟು ಹಾ ಅನ್ನುತ್ತಿರಲಿಲ್ಲ.

‘ಅಕ್ಕಾ, ಬೇಡ,’ ಅಂದ ಕರಿಬಸವ. ‘ಕೊಡು ಇಲ್ಲಿ. ಬೇಡ ಅಕ್ಕಾ.’

‘ಸುಮ್ನಿರೋ! ನಿನ್ನ ಬಿಲ್ಲು ಎಷ್ಟು ಮೆತ್ತಗಾಗಿದೆ ಅಂತ ನೋಡೇಬಿಡೋಣ. ನಾನು ಹೆಂಗಸು, ಅರವತ್ತು ದಾಟಿದವಳು, ಎರಡೇ ಬೆರಳಲ್ಲಿ ಎಳೆದು ತೋರಿಸ್ತೀನಿ!’

ಎರಡು ಬೆರಳಿಟ್ಟು ಎಳೆದೆ. ಹೆದೆ ಬರಲಿಲ್ಲ. ನಾಲ್ಕು ಬೆರಳಿಟ್ಟು ಎಳೆದೆ. ಬಿಲ್ಲಿಗೆ ಕಾಲು ಊರಿ, ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಎಳೆದೆ. ಗೋಡೆಗೆ ಹೊಡೆದ ಮೊಳೆಯನ್ನು ಬರಿಗೈಯಲ್ಲಿ ಕೀಳಲು ಹೋದ ಹಾಗೆ ಇತ್ತು. ಆ ಹೆದೆ ಒಂದು ಬೆರಳಿನಷ್ಟೂ ಕದಲಲಿಲ್ಲ.

ಅವನ ರಟ್ಟೆ ಹಾಗೇ ಇತ್ತು. ಇನ್ನೂ ಗಟ್ಟಿಯಾಗೇ ಇತ್ತೇನೋ.

ಬಿಲ್ಲನ್ನು ಕೈಯಲ್ಲಿ ಹಿಡಿದು ನಿಂತೆ. ಚಿಕ್ಕಂದಿನಲ್ಲಿ ಅಪ್ಪನ ಬಿಲ್ಲನ್ನು ಕದ್ದು ಎಳೆಯುತ್ತಿದ್ದೆ, ಮದುವೆಯಾದ ಮೇಲೂ ಒಮ್ಮೆ ಇವನ ಬಿಲ್ಲನ್ನು ತಮಾಷೆಗೆ ಅರ್ಧದವರೆಗೆ ಎಳೆದಿದ್ದೆ. ಈಗ ಕದಲಲೂ ಇಲ್ಲ. ಹಾಗಾದರೆ ಮನೆಯಲ್ಲಿ ದಿನಾ ಬೆಣ್ಣೆಯ ಹಾಗೆ ಬರುತ್ತಿದ್ದ ನನ್ನ ಬಿಲ್ಲು? ಅದು ನನ್ನ ತಲೆಯ ಮೇಲೆ ತೂಗುವ ಬಿಲ್ಲು. ನಾನು ಸೋತ ಹಾಗೆಲ್ಲ ಸದ್ದಿಲ್ಲದೆ ಅದೂ ಸೋಲುತ್ತಾ ಬಂದಿದೆ. ಆ ಸೋತ ಬಿಲ್ಲನ್ನು ಅಳತೆಗೋಲು ಮಾಡಿಕೊಂಡು ನಾನು ಊರಿಗೆಲ್ಲ ಬಾಣ ಹೆರೆಯುತ್ತಾ ಕೂತಿದ್ದೇನೆ. ಅದರಲ್ಲಿ ಸರಿಯಾಗಿ ನಡುಗುವಷ್ಟು ಮೆತ್ತಗೆ ಮಾಡಿ, ಇದು ಗಂಡಸರ ಬಾಣ ಅಂತ ಕೊಟ್ಟಿದ್ದೇನೆ. ಗೋಣಿಚೀಲ ಸುಳ್ಳು ಹೇಳಿರಲಿಲ್ಲ. ಅದಕ್ಕೆ ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಕಣ್ಣೆತ್ತಿ ನೋಡಿದೆ. ಒಬ್ಬರ ಮುಖವೂ ಕಾಣಲಿಲ್ಲ. ಊರಿಗೆ ಊರೇ ನನಗೆ ಬೆನ್ನು ಹಾಕಿ ನಿಂತಿತ್ತು. ಒಬ್ಬ ಆಕಾಶ ನೋಡುತ್ತಿದ್ದ, ಒಬ್ಬಳು ಮಗುವಿನ ಬ್ಯಾಗಿನ ಗುಂಡಿ ಹಾಕುತ್ತಿದ್ದಳು, ಜಯದೇವ ಡಬ್ಬಿಯೊಳಗೆ ಬಗ್ಗಿ ಬನ್ನು ಎಣಿಸುವ ಹಾಗೆ ನಟಿಸುತ್ತಿದ್ದ. ಆಗ ಅರ್ಥವಾಯಿತು, ಎರಡು ವರ್ಷದಿಂದ ಇವರು ಗಾಳಿ ಗಾಳಿ ಅಂದದ್ದು ತಮ್ಮನ್ನು ಬಚಾವು ಮಾಡಿಕೊಳ್ಳಲಿಕ್ಕಲ್ಲ. ನನ್ನ ಸಲುವಾಗಿ. ಹೊನ್ನಮ್ಮನಿಗೆ ಬೇಜಾರಾಗುತ್ತೆ ಅಂತ ನಾಯಿಗೆ ಬನ್ನು ಹಾಕಿಕೊಂಡು, ಬಿದ್ದ ಬಾಣ ಹೆಕ್ಕಿಕೊಂಡು, ಮತ್ತೆ ನನ್ನ ಹತ್ತಿರವೇ ಬಂದು ಹೊಸ ಬಾಣ ಕೊಳ್ಳುತ್ತಿದ್ದರು. ನಾನೋ, ಇವರನ್ನೆಲ್ಲ ಮುದುಕರು ಅಂತ ಮನಸ್ಸಿನಲ್ಲೇ ಆಡಿಕೊಂಡು ನಗುತ್ತಿದ್ದೆ. ನೆಲ ಬಿರಿಯಬಾರದೇ ಅನ್ನಿಸಿತು. ಕಮರಿ ಪಕ್ಕದಲ್ಲೇ ಇತ್ತು, ಆ ಮಾತು ಬೇರೆ.

ಪಟೇಲ ಶಿವನಂಜಪ್ಪ ಗಂಟಲು ಸರಿಮಾಡಿಕೊಂಡ. ಅವನೂ ಕಮರಿಯ ಕಡೆಗೇ ಮುಖ ಮಾಡಿದ್ದ. ‘ಸರಿಯಪ್ಪಾ. ಬಾಣ ದಾಟಲಿಲ್ಲ. ನಾಳೆಯಿಂದ ರಾಜಶೇಖರ ಹಗ್ಗ ನೋಡ್ಕೊಳ್ಳಲಿ.’

ಯಾರೂ ಏನೂ ನೋಡಿಲ್ಲವಲ್ಲ! ನಾನು ಬಿಲ್ಲು ಕಿತ್ತುಕೊಂಡದ್ದನ್ನು ನೋಡಿಲ್ಲ, ಎಳೆಯಲಾಗದೆ ಒದ್ದಾಡಿದ್ದನ್ನು ನೋಡಿಲ್ಲ. ಅವರು ನೋಡಿದ್ದು ಒಂದೇ, ಕರಿಬಸವನ ಬಾಣ ಬಿದ್ದದ್ದು. ಸಭ್ಯತೆಯ ಲೆಕ್ಕದಲ್ಲಿ ತಪ್ಪು ಅವನದೇ. ಕರಿಬಸವ ನನ್ನ ಕೈಯಿಂದ ಮೆಲ್ಲಗೆ ಬಿಲ್ಲು ತೆಗೆದುಕೊಂಡು ಹೆದೆ ಬಿಚ್ಚಲು ಬಗ್ಗಿದ. ‘ಆಗಲಿ ಯಜಮಾನ್ರೇ,’ ಅಂದ. ‘ನನಗೂ ವಯಸ್ಸಾಯ್ತು.’

ಅಯ್ಯೋ ಮೂರ್ಖ! ನನಗಾಗಿ ಸುಳ್ಳು ಹೇಳುತ್ತಿದ್ದ. ಅಪ್ಪನ ಕಾಲದ ಹಗ್ಗವನ್ನು ಆ ಬನಿಯನ್ನಿನವನ ಕೈಗೆ ಕೊಟ್ಟು, ಸಂಜೆ ಮನೆಗೆ ಹೋಗಿ ಹೆಂಡತಿಯ ಕೈಲಿ ಬೈಸಿಕೊಂಡು, ಮಾರನೆಯ ದಿನವೂ ಬಾಗಿಲಲ್ಲಿ ಇಣುಕಿ ತಿಂಡಿ ಆಯ್ತಾ ಅಂತ ಕೇಳುವವನೇ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ನನ್ನ ಅಂಗಡಿ ಉಳಿಯುತ್ತಿತ್ತು, ಜನ ಕೊನೆವರೆಗೂ ಗಾಳಿ ಅನ್ನುತ್ತಿದ್ದರು. ನಲವತ್ತು ವರ್ಷದ ಕಸುಬು ರೀ. ಅದು ಬಿಟ್ಟರೆ ನನಗೆ ಬೇರೆ ಏನು ಗೊತ್ತು?

‘ತಿರುಗ್ರೋ ಈ ಕಡೆ!’ ಅಂತ ಕೂಗಿದೆ. ‘ಎಲ್ಲರೂ ತಿರುಗ್ರಿ! ಏನು ನೋಡ್ತಾ ಇದೀರಿ ಆಕಾಶದಲ್ಲಿ, ಹದ್ದಿನ ಮದುವೆನಾ? ಲೋ ಜಯದೇವ, ಆ ಬನ್ನು ಬಿಡು, ಇಲ್ಲಿ ನೋಡು!’

ಯಾರೂ ತಿರುಗಲಿಲ್ಲ. ಒಂದಿಬ್ಬರು ಜೋರಾಗಿ ಕೆಮ್ಮಿದರು.

‘ಸರಿ, ಬೆನ್ನು ಹಾಕಿಕೊಂಡೇ ಕೇಳಿ. ಕಿವಿ ಇದೆಯಲ್ಲ! ಇವನ ರಟ್ಟೆಗೆ ಏನೂ ಆಗಿಲ್ಲ. ಈ ಬಿಲ್ಲು ನನಗೆ ಎಳೆಯೋಕೆ ಆಗಲಿಲ್ಲ. ಕದಲಿಸೋಕೂ ಆಗಲಿಲ್ಲ. ಕೆಟ್ಟಿರೋದು ಬಾಣ. ಬಾಣ ಯಾಕೆ ಕೆಟ್ಟಿದೆ? ಮಾಡೋವಳ ಕೈ ಹೋಗಿದೆ. ನನ್ನ ಕೈ ಹೋಗಿದೆ ಕಣ್ರಪ್ಪಾ! ಇಷ್ಟು ಹೇಳೋಕೆ ಇಷ್ಟು ದೊಡ್ಡ ಊರಲ್ಲಿ ಒಬ್ಬರಿಗೂ ಬಾಯಿ ಇರಲಿಲ್ವಾ? ಆ ಅಜ್ಜ ಡಯಾಲಿಸಿಸ್‌ಗೆ ಹೋಗದೆ ವಾಪಸು ಬಂದನಲ್ಲ, ಅವನಿಗೆ ಹೆಚ್ಚುಕಡಿಮೆ ಆಗಿದ್ದರೆ ಆಗಲೂ ಕೆಮ್ಮುತ್ತಾ ನಿಲ್ಲುತ್ತಿದ್ರಾ?’

ಹೇಳಿ ಮುಗಿಸಿ ಅಲ್ಲೇ ದಾರದ ಉಂಡೆಯ ಪಕ್ಕ ಕೂತುಬಿಟ್ಟೆ. ಅಳು ಬಂತು. ಅಳುವುದಕ್ಕೂ ಸಿಟ್ಟು ಬಂತು.

ಆಗ ಮುಂದೆ ಬಂದವಳು ಇಂದ್ರಾಣಿ. ಸೆರಗಿನಡಿಯಿಂದ ಒಂದು ಬಾಣ ತೆಗೆದು ಗಂಡನ ಕೈಗೆ ತುರುಕಿದಳು. ಹಳೇ ಬಾಣ. ಗರಿ ಹುಳ ತಿಂದಿತ್ತು, ಕಡ್ಡಿ ಕೈಬೆವರಿಗೆ ಕಪ್ಪಾಗಿತ್ತು. ‘ಇದನ್ನು ಹೊಡೀರಿ. ಇನ್ನೂ ಅಕ್ಕನ ಮುಖ ನೋಡಿಕೊಂಡು ನಿಂತರೆ ಇವತ್ತು ನಾನೇ ಜಗಲಿಯಲ್ಲಿ ಮಲಗ್ತೀನಿ.’ ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಅಂದಳು. ‘ನಿಮ್ಮದೇ ಅತ್ತಿಗೆ. ಎಷ್ಟೋ ವರ್ಷದ ಹಿಂದೆ ಮಾಡಿದ್ದು. ಒಂದು ಕಟ್ಟು ಇತ್ತು ಅಟ್ಟದಲ್ಲಿ. ಎರಡು ವರ್ಷದಿಂದ ಇವರು ಅದರಲ್ಲೇ ಹಗ್ಗ ಕಟ್ಟಿದ್ದು. ನೀವು ಕೊಟ್ಟ ಹೊಸದನ್ನೆಲ್ಲ ಅಟ್ಟಕ್ಕೆ ಹಾಕಿ, ಹಳೇದನ್ನು ತೆಗೆದು ಹೊಡೆಯೋರು. ಎಲ್ಲ ಮುರಿದುಹೋದವು ಅಂದ್ಕೊಂಡಿದ್ವಿ, ನಿನ್ನೆ ರಾತ್ರಿ ಅಟ್ಟ ಹುಡುಕಿದಾಗ ಇದೊಂದು ಸಿಕ್ತು. ನಿಮಗೆ ಹೇಳೋಣ ಅಂದ್ರೆ ನನ್ನನ್ನೇ ತಿಂದುಹಾಕೋ ಹಾಗೆ ನೋಡೋರು.’

‘ಇದು ಇದ್ದರೂ ಮೊದಲು ಇವತ್ತಿನದನ್ನು ಯಾಕೋ ಹೊಡೆದೆ?’ ಅಂತ ಕೇಳಿದೆ.

ಕರಿಬಸವ ದಾರ ಕಟ್ಟುತ್ತಿದ್ದ. ‘ಅಪ್ಪನ ಆಣೆ ಇಟ್ಟೆಯಲ್ಲ,’ ಅಂದ. ‘ನಂಬಿದೆ.’

ಹೊಡೆದ. ಆ ಹುಳ ತಿಂದ ಬಾಣ ಅಲ್ಲಾಡಲಿಲ್ಲ, ನಡುಗಲಿಲ್ಲ. ಕಮರಿ ದಾಟಿ, ಆ ದಡದಲ್ಲಿ ಹಗ್ಗ ಕಟ್ಟುವ ಕಂಬ ದಾಟಿ, ಅಲ್ಲಿ ನಿಂತಿದ್ದವರು ತಲೆ ಬಗ್ಗಿಸುವ ಹಾಗೆ ಹೋಯಿತು. ಎಂಥ ಬಾಣ ಮಾಡುತ್ತಿದ್ದೆ ನಾನು! ಅಂಥ ಕೈ ನನಗಿತ್ತು ಅನ್ನುವುದನ್ನು ನೋಡಿ ಹೆಮ್ಮೆ ಪಡಲೋ, ಅದು ಇನ್ನಿಲ್ಲ ಅಂತ ಎದೆ ಬಡಿದುಕೊಳ್ಳಲೋ ತಿಳಿಯಲಿಲ್ಲ. ಆ ದಡದವರು ದಾರ ಎಳೆದರು, ಹಗ್ಗ ಹೋಯಿತು. ಮಕ್ಕಳು ಹೋ ಅಂದರು. ರಾಜಶೇಖರ ಬಂಡೆಯಿಂದ ಕಾಲು ತೆಗೆದ.

ಪಟೇಲ ಬೆನ್ನು ಹಾಕಿಕೊಂಡೇ ಕೇಳಿದ. ‘ಹಾಗಾದ್ರೆ ಹಗ್ಗ ಕರಿಬಸವನದೇ. ನಾಳೆಯಿಂದ ಬಾಣ?’

‘ಸಂತೆಯಿಂದ ತರಿಸಿ,’ ಅಂದೆ. ‘ನಮ್ಮ ಅಂಗಡಿಯ ಬಾಣ ಇನ್ನು ಮಕ್ಕಳಿಗೆ, ಬಾಣಂತಿಯರಿಗೆ ಮಾತ್ರ. ದೊಡ್ಡವರು ಯಾರೂ ಬರಬೇಡಿ. ಬಂದು ಗಾಳಿ ಅಂದರೆ ಪೊರಕೆ ತಗೋತೀನಿ.’

ಮಕ್ಕಳು ಬುಟ್ಟಿ ಹತ್ತಲು ಮುಂದೆ ಬಂದರು. ನಾನು ಎದ್ದು ನಿಂತು ಸೀರೆ ಕೊಡವಿದೆ. ‘ಒಂದು ನಿಮಿಷ ನಿಲ್ಲಿ. ಮೊದಲು ನಾನು ಹೋಗಬೇಕು. ಈ ಕೈ ಯಾಕೆ ಹೀಗಾಯ್ತು ಅಂತ ಡಾಕ್ಟರಿಗೆ ತೋರಿಸಬೇಕು. ಅರವತ್ತಕ್ಕೆ ಯಾರಿಗಾದರೂ ಕೈ ಇಷ್ಟು ಹೋಗುತ್ತಾ? ಬೆರಳು ಬೇರೆ ಜೋಮು ಹಿಡಿಯುತ್ತೆ.’ ಈ ಮಾತನ್ನು ನಾನು ನನಗೇ ಹೇಳಿಕೊಂಡದ್ದು ಅದೇ ಮೊದಲು. ಹೇಳಿದ ಮೇಲೆ ಹೆದರಿಕೆಯಾಯಿತು.

‘ನಾನೂ ಬರ್ತೀನಿ ಅಕ್ಕಾ,’ ಅಂದ ಕರಿಬಸವ.

‘ನೀನು ಬಂದ್ರೆ ಹಗ್ಗ ಯಾರೋ ಹಿಡಿಯೋದು? ನಿನ್ನ ಕೆಲಸ ಉಳಿಸೋಕೆ ನಾನು ಇಷ್ಟೆಲ್ಲ ಮಾಡಿದ್ದು, ಇವನು ಬರ್ತಾನಂತೆ!’

ಇಂದ್ರಾಣಿ ಬಂದು ನನ್ನ ಪಕ್ಕ ಬುಟ್ಟಿಯಲ್ಲಿ ಕೂತಳು. ಕೂತವಳು ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಬೆರಳು ಒಂದೊಂದಾಗಿ ನೀವತೊಡಗಿದಳು. ಬುಟ್ಟಿ ಹೊರಟಿತು. ಕೆಳಗೆ ಕಮರಿ ಬಾಯಿ ತೆರೆದುಕೊಂಡಿತ್ತು. ಅದನ್ನು ನೋಡಬಾರದು ಅಂತ ಹಿಂದೆ ತಿರುಗಿ ದಡ ನೋಡಿದೆ. ಅಷ್ಟೂ ಜನ ಇನ್ನೂ ಮುಖ ತಿರುಗಿಸಿಕೊಂಡೇ ನಿಂತಿದ್ದರು, ಮಕ್ಕಳಿಗೂ ಹಾಗೇ ನಿಲ್ಲಲು ಹೇಳಿದ್ದರು.

ಕರಿಬಸವ ಒಬ್ಬ ಹಗ್ಗ ಹಿಡಿದು ನೆಟ್ಟ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದ. ಅವನ ಮುಖ ಒದ್ದೆಯಾಗಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

‘ಏನೋ ಹಾಗೆ ನೋಡ್ತೀಯಾ?’ ಅಂತ ಬುಟ್ಟಿಯಿಂದಲೇ ಕೂಗಿದೆ. ‘ಮರ್ಯಾದೆ ಇಲ್ವಾ ನಿನಗೆ?’

ಅವನು ನಾವು ಆ ದಡ ಮುಟ್ಟುವ ತನಕ ನನ್ನ ಮೇಲಿಂದ ಕಣ್ಣು ತೆಗೆಯಲಿಲ್ಲ.